ಆ ರಕ್ತ ಏನಾಯ್ತು ಮೇಡಂ?

ಮಂಗಳವಾರ ಸಂಜೆಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಹೋದ ವರ್ಷ ತಗೊಂಡು ಹೋದ್ರಲ್ಲ, ಆ ರಕ್ತ ಏನಾಯ್ತು ಮೇಡಂ?"

ಕೇಳಿದ್ದು ಲಗ್ಗೆರೆಯ ಒಬ್ಬ ಅಕ್ಕ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಸಕ್ಕರೆ ಕಾಯಿಲೆ ಸ್ಟಡಿಗೆ ಹೋದ ವರ್ಷ ಸೇರಿದ್ದರು. ಈ ವರ್ಷ ಎಷ್ಟು ಸಲ ಫೋನ್ ಮಾಡಿದರೂ ಕ್ಲಿನಿಕ್‌ಗೆ ಬರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಲಾಸ್ಟ್ ಟು ಫಾಲೋಅಪ್', ಅಂದರೆ ಮತ್ತೆ ಕೈಗೆ ಸಿಗದವರು, ಅಂತ ಬರೆಯುವುದೊಂದೇ ಬಾಕಿ. ಅದಕ್ಕೆ ಮೊದಲು ಒಮ್ಮೆ ಮನೆಗೆ ಹೋಗಿ ಬರೋಣ ಅನ್ನಿಸಿತು.

ಹೋದಾಗ ಏಳೂವರೆ. ಆಗಷ್ಟೇ ಕೆಲಸದಿಂದ ಬಂದು ಅನ್ನಕ್ಕಿಟ್ಟಿದ್ದರು. ಬಾಗಿಲ ಪಕ್ಕ ಸಾಲಾಗಿ ನೀರಿನ ಕೊಡ. ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳಿದರು. ಸಿಟ್ಟಿನಿಂದಲ್ಲ, ಬಸ್ಸು ಎಷ್ಟೊತ್ತಿಗೆ ಅನ್ನೋ ಹಾಗೆ. ಬೈದಿದ್ದರೂ ಪರವಾಗಿರಲಿಲ್ಲ.

ಮರುದಿನ ಆಫೀಸಿನಲ್ಲಿ ಹುಡುಕಿದೆ. ರಿಪೋರ್ಟ್ ಫೈಲಿನಲ್ಲೇ ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ ಶೇಕಡಾ 6.1. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದಾರೆ ಅಂತ ಅರ್ಥ. ಊಟ, ನಡಿಗೆ ನೋಡಿಕೊಂಡರೆ ವಾಪಸ್ ಬರಬಹುದು. ಒಂದು ವರ್ಷ ಆ ಹಾಳೆ ನಮ್ಮ ಬೀರುವಿನಲ್ಲಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

"ಆ ಕಡೆಯವರಿಗೆ ಆಸಕ್ತಿ ಇಲ್ಲ ಕಣಮ್ಮ" ಅಂತಾರೆ ನಮ್ಮ ಸರ್. ಒಳ್ಳೆಯವರು, ಲೆಕ್ಕದಲ್ಲಿ ಚುರುಕು. ಆದರೆ ಈ ಮಾತು ನಾನು ಒಪ್ಪಲ್ಲ. ನಮ್ಮ ಕ್ಲಿನಿಕ್ ತೆರೆಯೋದು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ. ಖಾಲಿ ಹೊಟ್ಟೆಯಲ್ಲಿ ಬರಬೇಕು. ಅಕ್ಕನಿಗೆ ರಜೆ ಇರೋದು ಭಾನುವಾರ ಮಾತ್ರ. ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳವೂ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಹೋದ ಕೂಲಿ ಕಟ್ಟಿಕೊಡಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ. ನಾವು ಕೊಟ್ಟಿದ್ದು ಬಸ್ ಚಾರ್ಜು, ಒಂದು ಬಿಸ್ಕತ್ ಪ್ಯಾಕೆಟ್ಟು. ತಪ್ಪದೆ ಬರುವವರು ಯಾರು? ರಾಜಾಜಿನಗರದ ರಿಟೈರ್ಡ್ ಅಂಕಲ್‌ಗಳು. ಅವರ ಮೇಲೆ ನನಗೆ ಪ್ರೀತಿಯೇ. ಆದರೆ ಅವರ ದೇಹ, ದಿನವಿಡೀ ಮಿಷನ್ ಮುಂದೆ ಕೂರುವ ಹೆಂಗಸಿನ ದೇಹ ಒಂದೇನಾ?

1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 5,209 ಜನರನ್ನಿಟ್ಟುಕೊಂಡು ಹೃದಯದ ಅಧ್ಯಯನ ಶುರು ಮಾಡಿದರು. ಬಿಪಿ, ಕೊಲೆಸ್ಟ್ರಾಲ್ ಬಗ್ಗೆ ಜಗತ್ತು ಕಲಿತಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅವರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಬೇರೆ ಜನಾಂಗದವರದೇ ಒಂದು ಗುಂಪು ಸೇರಿಸಿದ್ದು 1994ರಲ್ಲಿ. 46 ವರ್ಷ ಬೇಕಾಯಿತು! ಗಾರ್ಮೆಂಟ್ಸ್ ಹೆಂಗಸರನ್ನು ಬಿಟ್ಟು 'ಬೆಂಗಳೂರಿನ ಸಕ್ಕರೆ ಕಾಯಿಲೆ' ಅಂತ ನಾವು ಬರೆದರೆ, ಅದು ಯಾವ ಬೆಂಗಳೂರು?

ಗುರುವಾರ ಸಂಜೆ ರಿಪೋರ್ಟ್ ಹಿಡಿದು ಮತ್ತೆ ಹೋದೆ. ತಡವಾಯಿತು, ತಪ್ಪು ನಮ್ಮದೇ ಅಂದೆ. ಅಕ್ಕ ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾದ್ರೆ ಅನ್ನ ಕಮ್ಮಿ ಮಾಡ್ಬೇಕಾ?" ಅಂದರು. ಮಾತಾಡುತ್ತಾ ಒಂಬತ್ತಾಯಿತು.

ಸರ್ ಹತ್ತಿರ ಜಗಳವಾಡಿ ಭಾನುವಾರಕ್ಕೆ ಒಪ್ಪಿಸಿದ್ದೇನೆ. ಮನೆಗೇ ಹೋಗಿ ರಕ್ತ ತೆಗೆಯೋದು. "ಆರೂವರೆಗೇ ಬನ್ನಿ, ಆಮೇಲೆ ನೀರು ಬರತ್ತೆ. ಈ ಸಲ ಚೀಟಿ ಕೈಗೆ ಕೊಡ್ಬೇಕು" ಅಂದಿದ್ದಾರೆ ಅಕ್ಕ. ಪಕ್ಕದ ಮನೆಯ ಇಬ್ಬರನ್ನೂ ಕರೆಯುತ್ತಾರಂತೆ. ಆ ಇಬ್ಬರ ಹೆಸರೂ ನನ್ನ ಪಟ್ಟಿಯಲ್ಲಿದೆ, 'ಬಂದಿಲ್ಲ' ಅನ್ನೋ ಕಡೆ.