ಸಿಸಿಲಿಯ ನಾರ್ಮನ್ ಕಲೆಯಲ್ಲಿ ನಾರ್ಮನ್ನರದ್ದು ಏನಿದೆ?

ಮಧ್ಯಯುಗದ ಸಿಸಿಲಿಯ ಕಟ್ಟಡಗಳ ಚಿತ್ರಗಳನ್ನು ತೋರಿಸಿದಾಗಲೆಲ್ಲ ನೋಡಿದವರು ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಗೋಡೆಯ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಶೈಲಿಯದು, ಚಾವಣಿ ಅರಬರ ಶೈಲಿಯದು, ಕಂಬಗಳು ಎಷ್ಟೋ ಕಡೆ ಪ್ರಾಚೀನ ಕಟ್ಟಡಗಳಿಂದ ತಂದವು, ಹಾಗಿರುವಾಗ ಇದನ್ನು ನಾರ್ಮನ್ ಕಲೆ ಎನ್ನುವುದೇಕೆ? ಪ್ರಶ್ನೆ ನ್ಯಾಯವಾದದ್ದೇ. ನಾರ್ಮನ್ನರದ್ದು ಆಯ್ಕೆ, ಮತ್ತು ಆ ಆಯ್ಕೆಯ ಹಿಂದೆ ಇದ್ದದ್ದು ಔದಾರ್ಯಕ್ಕಿಂತ ಹೆಚ್ಚಾಗಿ ರಾಜಕಾರಣ ಎಂಬುದು ನನ್ನ ಉತ್ತರ.

ಉತ್ತರ ಫ್ರಾನ್ಸಿನಿಂದ ದಕ್ಷಿಣ ಇಟಲಿಗೆ ಕೂಲಿ ಸೈನಿಕರಾಗಿ ಬಂದವರು ನಾರ್ಮನ್ನರು. ಅವರ ಪೈಕಿ ಓತ್‌ವಿಲ್ ಮನೆತನದ ಸಹೋದರರು, ಹಿಂದೆ ಬೈಜಾಂಟಿಯಂಗೆ ಸೇರಿದ್ದ, ಆಗ ಅರಬರ ಆಳ್ವಿಕೆಯಲ್ಲಿದ್ದ ಸಿಸಿಲಿ ದ್ವೀಪಕ್ಕೆ ನುಗ್ಗಿ 1061ರಲ್ಲಿ ಮೆಸ್ಸೀನಾವನ್ನೂ 1072ರಲ್ಲಿ ಪಲೆರ್ಮೊವನ್ನೂ ಗೆದ್ದರು. 1091ರ ಹೊತ್ತಿಗೆ ದ್ವೀಪ ಪೂರ್ತಿ ಅವರ ಕೈಸೇರಿತ್ತು. ಅವರ ಸಂಖ್ಯೆ ಚಿಕ್ಕದು. ಕಂದಾಯದ ಲೆಕ್ಕ, ಜಮೀನಿನ ಪತ್ರ, ಕುಶಲ ಕೆಲಸ ಎಲ್ಲವೂ ಅರಬಿ ಮತ್ತು ಗ್ರೀಕ್ ಬಲ್ಲವರ ಕೈಯಲ್ಲಿದ್ದವು. 1109ರಲ್ಲಿ ಎಳೆಯ ಮಗನ ಪರವಾಗಿ ಆಳುತ್ತಿದ್ದ ಅಡಲೈಡ್ ಹೊರಡಿಸಿದ, ಕಾಗದದ ಮೇಲೆ ಬರೆದ ಆಜ್ಞಾಪತ್ರವೊಂದು ಇಂದಿಗೂ ಪಲೆರ್ಮೊದಲ್ಲಿ ಉಳಿದಿದೆ. ಅದರಲ್ಲಿರುವುದು ಗ್ರೀಕ್ ಮತ್ತು ಅರಬಿ ಮಾತ್ರ. ಆಕೆಯ ಮಗ ಎರಡನೆಯ ರೋಜರ್ 1130ರ ಕ್ರಿಸ್‌ಮಸ್ ದಿನ ರಾಜನಾಗಿ ಕಿರೀಟ ಧರಿಸಿದಾಗ ಅವನಿಗೆ ಪಿತ್ರಾರ್ಜಿತ ಸಿಂಹಾಸನವೆಂಬುದೇ ಇರಲಿಲ್ಲ. ಅರಸುತನ ಹೇಗೆ ಕಾಣಬೇಕೆಂಬುದನ್ನು ಅವನು ಆ ಕಾಲದ ಎರಡು ವೈಭವದ ಆಸ್ಥಾನಗಳಿಂದ, ಅಂದರೆ ಬೈಜಾಂಟಿಯಂನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಮತ್ತು ಈಜಿಪ್ಟನ್ನು ಆಳುತ್ತಿದ್ದ ಫಾತಿಮಿದ ಖಲೀಫರ ಕೈರೊಗಳಿಂದ, ಎರವಲು ಪಡೆಯಬೇಕಾಯಿತು.

ಆ ಎರವಲು ಎಂಥದೆಂದು ತಿಳಿಯಲು ಪಲೆರ್ಮೊದ ಅರಮನೆಯೊಳಗಿನ ಕಪೆಲ್ಲಾ ಪಲತೀನಾ ಎಂಬ ಚರ್ಚಿಗಿಂತ ಒಳ್ಳೆಯ ಜಾಗವಿಲ್ಲ. ಗುಮ್ಮಟದಲ್ಲಿ ಚಿನ್ನದ ಹಿನ್ನೆಲೆಯ ಮೇಲೆ ಕ್ರಿಸ್ತನಿದ್ದಾನೆ, ಅಲ್ಲಿನ ಗ್ರೀಕ್ ಬರಹ 1143ರದು. ಆದರೆ ಜನ ನಿಲ್ಲುವ ಅಂಗಣದ ಮೇಲೆ ತಲೆಯೆತ್ತಿದರೆ ಮರದ ಚಾವಣಿಯೊಂದು ಜೇನುತಟ್ಟಿಯಂತೆ ಸಣ್ಣ ಸಣ್ಣ ಗೂಡುಗಳಾಗಿ ಇಳಿಬಿದ್ದಿದೆ, ಮತ್ತು ಆ ಗೂಡುಗಳ ತುಂಬ ಬಟ್ಟಲು ಹಿಡಿದು ಕುಳಿತವರು, ವಾದ್ಯ ನುಡಿಸುವವರು, ಚದುರಂಗ ಆಡುವವರು, ನರ್ತಕಿಯರು, ಅವರ ಸುತ್ತ ಅರಬಿಯ ಕೂಫಿ ಲಿಪಿಯಲ್ಲಿ ಶುಭಹಾರೈಕೆಯ ಮಾತುಗಳು. ಲ್ಯಾಟಿನ್ ಪ್ರಾರ್ಥನೆ ನಡೆಯುವ ಸ್ಥಳದ ನೆತ್ತಿಯ ಮೇಲೆ ಇದು ಅರಸನ ವಿನೋದಗೋಷ್ಠಿ! ಚಾವಣಿ ಎಷ್ಟು ಎತ್ತರದಲ್ಲಿದೆಯೆಂದರೆ, ಕೆಳಗೆ ನಿಂತವರ ಕಣ್ಣಿಗೆ ಈ ಆಕೃತಿಗಳು ಬಿಡಿಬಿಡಿಯಾಗಿ ನಿಲುಕುವುದೇ ಕಷ್ಟ.

ಅರಮನೆಗೆ ತುಸು ದೂರದಲ್ಲೇ ರೋಜರನ ಮಂತ್ರಿ, ಗ್ರೀಕ್ ಕ್ರೈಸ್ತನಾದ ಅಂತಿಯೋಕದ ಜಾರ್ಜ್ ಕಟ್ಟಿಸಿದ ಮಾರ್ತೊರಾನಾ ಚರ್ಚ್ ಇದೆ. (ಜಾರ್ಜನ ಪದವಿ 'ಅಮೀರರ ಅಮೀರ', ಇಂದಿನ ನೌಕಾಪಡೆಗಳ 'ಅಡ್ಮಿರಲ್' ಆ ಅರಬಿ ಅಮೀರನಿಂದಲೇ ಬಂದವನು.) ಅಲ್ಲಿನ ಒಂದು ಮೊಸಾಯಿಕ್‌ನಲ್ಲಿ ಬೈಜಾಂಟಿಯಂ ಚಕ್ರವರ್ತಿಯ ಉಡುಪು ತೊಟ್ಟ ರೋಜರ್ ತಲೆಬಾಗಿದ್ದಾನೆ, ಕ್ರಿಸ್ತ ತನ್ನ ಕೈಯಾರೆ ಅವನಿಗೆ ಕಿರೀಟ ಇಡುತ್ತಿದ್ದಾನೆ. ನಡುವೆ ಪೋಪರ ಸುಳಿವೂ ಇಲ್ಲ. ತಲೆಯ ಮೇಲಿನ ಬರಹ 'ರೊಗೆರಿಯೋಸ್ ರೆಕ್ಸ್' ಎಂದಿದೆ: ಅಕ್ಷರ ಗ್ರೀಕ್, 'ರಾಜ' ಎಂಬ ಪದ ಮಾತ್ರ ಲ್ಯಾಟಿನ್. ಚಿತ್ರಿಸಿದ ಕೈ ಗ್ರೀಕರ ಪರಂಪರೆಯದಾದರೂ ಹೇಳಿಸಿದ ಮಾತು ನಾರ್ಮನ್ ಆಸ್ಥಾನದ್ದೇ.

ಉತ್ತರದಿಂದ ನೇರವಾಗಿ ಬಂದದ್ದು ಏನೂ ಇಲ್ಲವೆಂದಲ್ಲ. 1131ರಲ್ಲಿ ಆರಂಭವಾದ ಚೆಫಲೂ ಕ್ಯಾಥೆಡ್ರಲ್‌ನ ಮುಂಭಾಗದ ಜೋಡಿ ಗೋಪುರಗಳು ನಾರ್ಮಂಡಿಯ ಚರ್ಚುಗಳನ್ನು ನೆನಪಿಸುತ್ತವೆ.

ಇದನ್ನೆಲ್ಲ ಕೇಳಿದವರು ಸರ್ವಧರ್ಮ ಸಮನ್ವಯ ಎಂದು ಸಂತೋಷಪಡುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. 1184ರ ಕೊನೆಗೆ ಸಿಸಿಲಿಗೆ ಬಂದಿಳಿದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್, ಆಗಿನ ರಾಜ ಎರಡನೆಯ ವಿಲಿಯಂ ಅರಬಿ ಓದಿ ಬರೆಯಬಲ್ಲನೆಂದೂ, ಪಲೆರ್ಮೊದ ಕ್ರೈಸ್ತ ಹೆಂಗಸರು ಕ್ರಿಸ್‌ಮಸ್ ದಿನ ಮುಸ್ಲಿಂ ಹೆಂಗಸರಂತೆಯೇ ಉಡುಪು ತೊಟ್ಟಿದ್ದರೆಂದೂ ಬರೆದಿದ್ದಾನೆ. ಅಲ್ಲಿನ ಮುಸ್ಲಿಮರ ಮೇಲಿದ್ದ ಮತಾಂತರದ ಒತ್ತಡವನ್ನೂ ಅವನೇ ದುಃಖದಿಂದ ದಾಖಲಿಸಿದ್ದಾನೆ. 1161ರ ದಂಗೆಯಲ್ಲಿ ಪಲೆರ್ಮೊದಲ್ಲಿ ಮುಸ್ಲಿಮರ ಹತ್ಯೆ ನಡೆದಿತ್ತು. ರೋಜರನ ಮೊಮ್ಮಗನಾದ ಚಕ್ರವರ್ತಿ ಎರಡನೆಯ ಫ್ರೆಡರಿಕ್, ಸ್ವತಃ ಅರಬಿ ವಿದ್ಯೆಯ ಅಭಿಮಾನಿಯಾಗಿದ್ದೂ, ದ್ವೀಪದಲ್ಲಿ ಉಳಿದಿದ್ದ ಮುಸ್ಲಿಮರನ್ನು 1220ರ ದಶಕದಿಂದ ಇಟಲಿಯ ಲುಚೇರಾಗೆ ಸಾಗಹಾಕಿದ. ಕುಶಲಿಗಳ ಕೈ ಬೇಕಾಗಿದ್ದಷ್ಟು ಕಾಲ ಆಶ್ರಯವಿತ್ತು ಎಂದಷ್ಟೇ ನಾನು ಹೇಳಬಲ್ಲೆ.

ರೋಜರನ ಮೇಲುಹೊದಿಕೆ ಈಗ ವಿಯೆನ್ನಾದ ರಾಜಭಂಡಾರದಲ್ಲಿದೆ. ಕೆಂಪು ರೇಷ್ಮೆಯ ಅರ್ಧವೃತ್ತ. ನಡುವೆ ಖರ್ಜೂರದ ಮರ, ಅದರ ಎರಡೂ ಬದಿಗೆ ಒಂಟೆಯನ್ನು ಮೆಟ್ಟಿ ನಿಂತ ಸಿಂಹ, ಎಲ್ಲವೂ ಚಿನ್ನದ ನೂಲಿನ ಕಸೂತಿ, ಸುತ್ತ ಮುತ್ತಿನ ಸಾಲು. ಇದು ರಾಜನ ಕಾರ್ಖಾನೆಯಲ್ಲಿ ಹಿಜರಿ 528ರಲ್ಲಿ, ಎಂದರೆ 1133–34ರಲ್ಲಿ, ತಯಾರಾಯಿತೆಂದು ಅಂಚಿನುದ್ದಕ್ಕೂ ಅರಬಿಯಲ್ಲಿ ಬರೆದಿದೆ. ನಾರ್ಮನ್ ವಂಶ ಮುಗಿದ ಮೇಲೆ ಅದು ಜರ್ಮನ್ ಚಕ್ರವರ್ತಿಗಳ ಪಾಲಾಯಿತು. ಕ್ರೈಸ್ತ ಜಗತ್ತಿನ ರಕ್ಷಕರೆಂದು ಕರೆಸಿಕೊಂಡ ಅವರು ಆ ಅರಬಿ ಅಂಚಿನ ಹೊದಿಕೆಯನ್ನೇ ಹೊದ್ದು 18ನೆಯ ಶತಮಾನದವರೆಗೂ ಪಟ್ಟವೇರಿದರು.