ತಲಿ ಒಡದದ್ದು ಕಾಣಾಕತ್ತೈತಿ, ಮತ್ತ ಯಾಕ ಕೊಯ್ತೀರಿ?

ಹುಬ್ಬಳ್ಳಿಯ ಶವಾಗಾರದ ಹೊರಗೆ ಕೂತವರು, ಪೋಸ್ಟ್‌ಮಾರ್ಟಂ ಮಾಡುವ ನನಗೆ ಈ ಪ್ರಶ್ನೆ ಕೇಳಿದರೆ ಎಷ್ಟು ಸಲ ಬೇಕಾದರೂ ಉತ್ತರ ಹೇಳುತ್ತೇನೆ. ಮನೆಯವರನ್ನು ಕಳೆದುಕೊಂಡವರು ಅವರು. ಆದರೆ ಮದುವೆ ಊಟದ ಪಂಕ್ತಿಯಲ್ಲಿ, ಧಾರವಾಡದ ಬಸ್ಸಿನಲ್ಲಿ ಓದಿದವರೂ ಇದನ್ನೇ ಕೇಳುತ್ತಾರೆ. “ಸುಮ್ನ ಹೆಣಾ ಹಾಳ ಮಾಡ್ತೀರಿ” ಅಂತ ಬೇರೆ ಸೇರಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಹಾಳು ಮಾಡುವುದಿಲ್ಲ. ಒಂದು ಕಿವಿಯ ಹಿಂದಿನಿಂದ ನೆತ್ತಿ ಹಾಯ್ದು ಇನ್ನೊಂದು ಕಿವಿಯ ಹಿಂದಿನವರೆಗೆ ಚರ್ಮ ಬಿಡಿಸುತ್ತೇವೆ. ಹೊಲಿದ ಮೇಲೆ ಮುಖ ಇದ್ದಂತೆಯೇ ಇರುತ್ತದೆ.

ಇನ್ನು ಕಣ್ಣಿಗೆ ಕಾಣುವುದರ ಮಾತು. ನೆತ್ತಿಯ ಚರ್ಮದ ಕೆಳಗೇ ಎಲುಬು. ಹಾಗಾಗಿ ಬಡಿಗೆಯ ಏಟಿಗೂ ಆ ಚರ್ಮ ಕೊಡಲಿಯಿಂದ ಕಡಿದಂತೆ ನೆಟ್ಟಗೆ ಸೀಳಬಹುದು. ನೋಡಿದವರು ಹರಿತ ಆಯುಧ ಅಂದುಬಿಡುತ್ತಾರೆ. ಗಾಯದ ಅಂಚು ಅಗಲಿಸಿ ಭೂತಗನ್ನಡಿ ಹಿಡಿದರೆ ಆಳದಲ್ಲಿ ಈ ಬದಿಯಿಂದ ಆ ಬದಿಗೆ ನವಿರಾದ ಎಳೆಗಳು ಇನ್ನೂ ಹರಿಯದೆ ಉಳಿದಿರುತ್ತವೆ, ಕೂದಲ ಬುಡ ಜಜ್ಜಿರುತ್ತದೆ. ಕೊಡಲಿಯಾಗಿದ್ದರೆ ಎಳೆಯೂ ಕೂದಲೂ ತುಂಡಾಗಿರುತ್ತಿದ್ದವು.

ನಿಂತವನ ತಲೆಗೆ ಹೊಡೆದರೆ ಸಾಮಾನ್ಯವಾಗಿ ಏಟಿನ ಕೆಳಗೇ ಮೆದುಳು ಜಜ್ಜುತ್ತದೆ. ಹಿಂದಕ್ಕೆ ಬಿದ್ದು ನೆಲಕ್ಕೆ ತಲೆ ಬಡಿದರೆ ಹಣೆಯ ಕಡೆಯ ಮೆದುಳು ಜಜ್ಜುತ್ತದೆ. ಎರಡು ಏಟು ಬಿದ್ದು ಎಲುಬು ಬಿರಿದಿದ್ದರೆ, ಎರಡನೆಯದರ ಬಿರುಕು ಮೊದಲನೆಯದರ ಬಿರುಕಿಗೆ ಬಂದು ನಿಲ್ಲುತ್ತದೆ, ದಾಟುವುದಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮೋ (ಕೊಲೆ, ಹಳೆಯ 302) 105ನೇ ಕಲಮೋ (ಕೊಲೆಯಲ್ಲದ ದಂಡನೀಯ ನರಹತ್ಯೆ, ಹಳೆಯ 304) ಎಂದು ಕೋರ್ಟಿನಲ್ಲಿ ವಾದ ನಡೆಯುವಾಗ ಇಂಥ ಬಿರುಕಿನ ಬಗ್ಗೆಯೇ ನಮ್ಮನ್ನು ಕೇಳುತ್ತಾರೆ. ಆಗ “ಮ್ಯಾಲಿಂದ ನೋಡೇನ್ರಿ” ಅನ್ನಲಾಗುತ್ತದೆಯೇ?

ಹಾವೇರಿ ಕಡೆಯ ಒಬ್ಬ ರೈತ. ಬದುವಿನ ಜಗಳದಲ್ಲಿ ಬಡಿಗೆ ಏಟು ತಿಂದಿದ್ದ. ಬೆಳಗ್ಗೆ ಏಳಲಿಲ್ಲ. “ರಾತ್ರಿ ರೊಟ್ಟಿ ಉಂಡಾನ್ರೀ, ಮಾತಾಡ್ಯಾನ್ರೀ. ಏಟಿಗೆ ಸಾಯೂದಿದ್ರ ಅಲ್ಲೇ ಸಾಯ್ತಿದ್ದಿಲ್ಲೇನ್ರಿ? ಕಟ್ಟಿ ಮ್ಯಾಲಿಂದ ಬಿದ್ದಿರಬೇಕು” ಅಂತ ಊರ ಹಿರಿಯರೊಬ್ಬರು ನನ್ನ ಮುಂದೆ ಪಟ್ಟು ಹಿಡಿದರು. ಹೊರಗೆ ಕಿವಿಯ ಮೇಲೊಂದು ಬಾವು, ಅಷ್ಟೇ. ಅಲ್ಲಿನ ಎಲುಬು ತೆಳು. ಅದರ ಒಳಮೈಗೆ ಒತ್ತಿಕೊಂಡೇ ಒಂದು ರಕ್ತನಾಳ ಹೋಗುತ್ತದೆ. ಎಲುಬು ಸೀಳಿ ನಾಳ ಹರಿದಿತ್ತು. ಎಲುಬಿಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ದಪ್ಪಗೆ ಹೆಪ್ಪುಗಟ್ಟಿ, ಮೆದುಳನ್ನು ಒಂದು ಬದಿಗೆ ಒತ್ತಿಬಿಟ್ಟಿತ್ತು. ಆ ರಕ್ತ ತುಂಬುವ ತಾಸುಗಳಲ್ಲೇ ಮನುಷ್ಯ ಉಣ್ಣುತ್ತಾನೆ, ಮಾತಾಡುತ್ತಾನೆ.

ಹೆಪ್ಪನ್ನು ಹೊತ್ತಿಗೆ ಸರಿಯಾಗಿ ತೆಗೆದರೆ ಇಂಥವರು ಬದುಕುವುದುಂಟು. ಅದಕ್ಕೇ ನನ್ನನ್ನು ಬೇರೆ ಪ್ರಶ್ನೆ ಕೇಳಿ: “ತಲೀಗೆ ಏಟು ಬಿದ್ದಾಂವ ಎದ್ದು ಅಡ್ಡಾಡಾಕತ್ತಾನ, ಬಿಡಬಹುದೇನ್ರಿ?” ಬಿಡಬಾರದು. ತಲೆನೋವು ಏರುತ್ತಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಾತು ತೊದಲಿದರೆ, ಮಂಪರು ಬಂದರೆ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕುಡಿದ ವಾಸನೆ ಬರುತ್ತಿದ್ದರೂ “ನಿಶಾ ಇಳೀಲಿ, ಮಲಗ್ಲಿ ಬಿಡ್ರಿ” ಅನ್ನಬೇಡಿ. ನಿಶೆಯ ಮಂಪರು ಯಾವುದು, ಹೆಪ್ಪಿನ ಮಂಪರು ಯಾವುದು ಅಂತ ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು. ರಾತ್ರಿಯೇ 108ಕ್ಕೆ ಫೋನ್ ಮಾಡಿ.