ಚರ್ಚಿಗೆ ಹೋಗದವರು ಸ್ತುತಿಗೀತೆ ಹಾಡಿದರೆ ಕೆಡುತ್ತದೆಯೇ?

ಚರ್ಚಿನ ಹಳೆಯ ಸ್ತುತಿಗೀತೆಗಳನ್ನು ನಂಬಿಕೆಯ ಹಂಗಿಲ್ಲದ ರಾಕ್ ಸಂಗೀತಗಾರರು ಹಾಡಿದರೆ ಹಾಡು ಕೆಡುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಕೆಡುವುದುಂಟು. ಆದರೆ ಕೆಡಿಸುವುದು ಹಾಡುವವರ ನಂಬಿಕೆಯಲ್ಲ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮತ್ತು ತಾಳವನ್ನು ಕೂರಿಸುವ ರೀತಿ.

ಇಂಥ ಎಷ್ಟೋ ಗೀತೆಗಳಲ್ಲಿ ಸಾಹಿತ್ಯ ಒಂದು ಕಡೆ ಹುಟ್ಟಿದೆ, ಧಾಟಿ ಇನ್ನೊಂದು ಕಡೆ. ಜಾನ್ ನ್ಯೂಟನ್ ಬರೆದ ‘ಅಮೇಜಿಂಗ್ ಗ್ರೇಸ್’ ಇಂಗ್ಲೆಂಡಿನಲ್ಲಿ ಅಚ್ಚಾದದ್ದು 1779ರಲ್ಲಿ. ಈಗ ಹಾಡುವ ಧಾಟಿ ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ. ಸಾಲುಗಳ ಅಳತೆ 8-6-8-6 ಉಚ್ಚಾರಾಂಶ. ಅದೇ ಅಳತೆಯ ಬೇರೆ ಧಾಟಿಗೂ ಪದಗಳು ಸಲೀಸಾಗಿ ಕೂರುತ್ತವೆ. ‘ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ’ ಎಂಬ ಭಕ್ತಿಗಾಯಕರ ತಂಡವೇ 2001ರಲ್ಲಿ ಇದನ್ನು ‘ಹೌಸ್ ಆಫ್ ದ ರೈಸಿಂಗ್ ಸನ್’ ಎಂಬ ಜನಪದ ಹಾಡಿನ ಧಾಟಿಯಲ್ಲಿ ಹಾಡಿತು. ಮೈನರ್ ಎಂಬ, ವಿಷಾದದ ಛಾಯೆಯ ಸ್ವರಗಳಿಗೆ ಹೊರಳಿದ ಆ ಪದಗಳಲ್ಲಿ ಪಶ್ಚಾತ್ತಾಪ ಎದ್ದು ಕೇಳಿಸುತ್ತದೆ.

ತೊಂದರೆ ಶುರುವಾಗುವುದು ಗಿಟಾರಿನಲ್ಲಿ. ಚರ್ಚಿನ ಪುಸ್ತಕದಲ್ಲಿ ನಾಲ್ಕು ದನಿಗಳಿಗೆ ಬರೆದ ಕಾರ್ಡ್‌ಗಳು ಹೆಚ್ಚುಕಡಿಮೆ ತಾಳದ ಎಣಿಕೆಗೊಮ್ಮೆ ಬದಲಾಗುತ್ತವೆ. ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿ ಅವನ್ನೆಲ್ಲ ನುಡಿಸಿದರೆ ಬರೀ ಗದ್ದಲ. ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಒಂದೇ ಕಾರ್ಡ್ ಸಾಕು. ಅದರಲ್ಲೂ ಷಡ್ಜ, ಪಂಚಮ ಮಾತ್ರ ಇರಲಿ. ಗಾಂಧಾರವನ್ನು ಗಾಯಕರಿಗೆ ಬಿಡಿ. ಡಿಸ್ಟಾರ್ಷನ್‌ನಲ್ಲಿ ಮೊದಲು ಕಲಸಿಹೋಗುವುದು ಆ ಸ್ವರವೇ. ‘ಅಮೇಜಿಂಗ್ ಗ್ರೇಸ್’ ಧಾಟಿ ಐದೇ ಸ್ವರಗಳದ್ದು, ನಮ್ಮ ಮೋಹನ ರಾಗದವೇ. ಹಾಗಾಗಿ ಗಿಟಾರ್ ಸೋಲೋಗೆ ಅದು ಚೆನ್ನಾಗಿ ಒಗ್ಗುತ್ತದೆ.

‘ಅಮೇಜಿಂಗ್ ಗ್ರೇಸ್’ನಂಥ ಮೂರೆಣಿಕೆಯ ಹಾಡನ್ನು ನಾಲ್ಕಕ್ಕೆ ಎಳೆಯುವುದು ಇನ್ನೊಂದು ತಪ್ಪು. ಪ್ರತಿ ಬಾರ್‌ಗೆ ಒಂದು ಎಣಿಕೆ ಸೇರಿಸಿದರೆ ಸಾಲು ಜೋತುಬಿದ್ದು ಉಸಿರು ಸಾಲದಾಗುತ್ತದೆ. ಎರಡು ಬಾರ್ ಕೂಡಿಸಿ ಆರೆಣಿಕೆ ಮಾಡಿ, ಡ್ರಮ್ಸ್‌ನಲ್ಲಿ ಒಂದಕ್ಕೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ನಾಲ್ಕಕ್ಕೆ ಸ್ನೇರ್ (ಚುರುಕು ದನಿಯ ಚಿಕ್ಕ ಡ್ರಮ್) ಹೊಡೆಯಿರಿ. ಮೊದಲ ಕಿಕ್ ‘ಅಮೇಜಿಂಗ್’ನ ‘ಮೇ’ ಮೇಲೆ ಬೀಳಬೇಕು, ‘ಅ’ ಮೇಲಲ್ಲ.

‘ಎಮರ್ಸನ್, ಲೇಕ್ ಆ್ಯಂಡ್ ಪಾಮರ್’ ಎಂಬ ಇಂಗ್ಲಿಷ್ ರಾಕ್ ತಂಡದವರು 1973ರಲ್ಲಿ ‘ಜೆರುಸಲೇಮ್’ ಎಂಬ ಸ್ತುತಿಗೀತೆ ಹಾಡಿದಾಗ ಸಂಗೀತ ರಚನೆಕಾರ ಪ್ಯಾರಿಯ 1916ರ ಧಾಟಿಯನ್ನು ಗೌರವದಿಂದಲೇ ಉಳಿಸಿಕೊಂಡಿದ್ದರು. ಆದರೂ ಬಿಬಿಸಿ ಅದನ್ನು ಪ್ರಸಾರ ಮಾಡಲಿಲ್ಲ. ಅದು ಅನ್ಯಾಯವೆಂದೇ ನನ್ನ ಎಣಿಕೆ.

ನನಗೆ ಮಾದರಿ ಎನಿಸುವುದು ಗಾಯಕ ಕ್ಯಾಟ್ ಸ್ಟೀವನ್ಸ್ 1971ರಲ್ಲಿ ಹಾಡಿದ ‘ಮಾರ್ನಿಂಗ್ ಹ್ಯಾಸ್ ಬ್ರೋಕನ್’. ಕವಯಿತ್ರಿ ಎಲಿನರ್ ಫಾರ್ಜನ್ ಪದಗಳು, ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಧಾಟಿ. ಇದ್ದದ್ದು ಮೂರೇ ಪುಟ್ಟ ಚರಣ, ರೆಕಾರ್ಡಿಗೆ ಸಾಲದು. ಸ್ಟೀವನ್ಸ್ ಹೊಸ ಸಾಲು ಬರೆಯಲಿಲ್ಲ. ಮೊದಲ ಚರಣವನ್ನೇ ಕೊನೆಗೆ ಮತ್ತೆ ಹಾಡಿದರು. ರಿಕ್ ವೇಕ್‌ಮನ್ ಪಿಯಾನೊದಲ್ಲಿ ಮುನ್ನುಡಿ ನುಡಿಸಿ, ಚರಣಗಳ ನಡುವೆ ಶ್ರುತಿಯನ್ನು ಸಿ, ಡಿ ಸ್ವರಗಳ ನಡುವೆ ಬದಲಿಸುತ್ತ ಅದನ್ನು ಮೂರು ನಿಮಿಷ ದಾಟಿಸಿದರು.